ಮೊದಲು ವಿಧಿಯ ವಾಕ್ಯ, ಆಮೇಲೆ ಅದರ ಸಂಖ್ಯೆ

ಧಾರವಾಡದ ಸಪ್ತಾಪುರದಲ್ಲಿ ಸಂವಿಧಾನದ ನೋಟ್ಸ್ ಯಾವ ಜೆರಾಕ್ಸ್ ಅಂಗಡಿಯಲ್ಲಾದರೂ ಸಿಗುತ್ತದೆ. ಎಡಗಡೆ ವಿಧಿಯ ಸಂಖ್ಯೆ, ಬಲಗಡೆ ಅರ್ಧ ಸಾಲಿನ ವಿವರ. ಎಫ್‌ಡಿಎ, ಪಿಡಿಒ, ಪಿಎಸ್‌ಐ, ಕೆಎಎಸ್ ಯಾವುದಕ್ಕೆ ಕೂತರೂ ಹುಡುಗರ ಕೈಯಲ್ಲಿ ಇದೇ ಹಾಳೆ. ನಾನೂ ಆ ಸ್ಟಡಿ ರೂಮುಗಳಲ್ಲಿ ಕೂತು ಓದಿ ನೌಕರಿಗೆ ಸೇರಿದವಳು. ಈಗ ಭಾನುವಾರಗಳಲ್ಲಿ ಅಲ್ಲಿಯೇ ಸಂವಿಧಾನ ಹೇಳಿಕೊಡುತ್ತೇನೆ. ಇಷ್ಟು ವರ್ಷಗಳಲ್ಲಿ ನನಗೆ ಖಚಿತವಾಗಿರುವುದು ಒಂದೇ. ವಾಕ್ಯ ಓದಿದವರಿಗೆ ಸಂಖ್ಯೆ ತಾನಾಗಿ ನೆನಪಿರುತ್ತದೆ. ಸಂಖ್ಯೆ ಮಾತ್ರ ಉರು ಹೊಡೆದವರಿಗೆ ವಾಕ್ಯ ಎಂದೂ ದಕ್ಕುವುದಿಲ್ಲ. ಕೆಳಗಿನ ಪಾಠಗಳೆಲ್ಲ ಇದರಿಂದಲೇ ಹುಟ್ಟಿದವು.

1. ಮೂಲ ಪಠ್ಯವನ್ನೇ ಓದಿ

15ನೇ ವಿಧಿ ತಾರತಮ್ಯವನ್ನು ನಿಷೇಧಿಸುತ್ತದೆ, 16ನೇ ವಿಧಿ ಸರ್ಕಾರಿ ನೌಕರಿಯಲ್ಲಿ ಸಮಾನ ಅವಕಾಶ ಕೊಡುತ್ತದೆ. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ, ಆದ್ದರಿಂದ ಪ್ರಶ್ನೆ ತೆಗೆಯುವವರು ಇಲ್ಲಿ ನಿಲ್ಲುವುದಿಲ್ಲ. 15(1) ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ ಎಂದು ಐದು ಆಧಾರಗಳನ್ನು ಹೇಳುತ್ತದೆ. 16(2) ಇದೇ ಪಟ್ಟಿಗೆ ವಂಶ ಮತ್ತು ವಾಸಸ್ಥಳವನ್ನು ಸೇರಿಸುತ್ತದೆ. ‘ವಾಸಸ್ಥಳದ ಆಧಾರದ ಮೇಲೆ ತಾರತಮ್ಯವನ್ನು 15ನೇ ವಿಧಿ ನಿಷೇಧಿಸುತ್ತದೆ’ ಎಂಬ ಹೇಳಿಕೆ ಕೊಟ್ಟರೆ, ನೋಟ್ಸ್ ಓದಿದವರು ಸರಿ ಎಂದು ಗುರುತು ಹಾಕುತ್ತಾರೆ.

ಇನ್ನೂ ಒಂದು ಸಾಲು ಕೆಳಗೆ ಹೋಗಿ. ರಾಜ್ಯದ ನೌಕರಿಗೆ ಇಂಥ ಕಡೆ ವಾಸವಿರಬೇಕು ಎಂಬ ನಿಯಮ ಮಾಡುವ ಅಧಿಕಾರವನ್ನು 16(3) ಸಂಸತ್ತಿಗೆ ಮಾತ್ರ ಕೊಟ್ಟಿದೆ, ವಿಧಾನಮಂಡಲಕ್ಕೆ ಕೊಟ್ಟಿಲ್ಲ. ಇದನ್ನು ಹೇಳಿಕೊಡುತ್ತಿದ್ದಾಗ ಯಾದಗಿರಿ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, “ಅಕ್ಕಾರ, ಹಂಗಾದ್ರ ನಮ್ಮ 371ಜೆ ಸರ್ಟಿಫಿಕೇಟ್ ಹ್ಯಾಂಗ್ ನಡೀತದ್ರಿ?” ಎಂದು ಕೇಳಿದಳು. ಆ ವರ್ಷ ನಾನು ಕೇಳಿದ ಅತ್ಯುತ್ತಮ ಪ್ರಶ್ನೆ ಅದು. ಹೈದರಾಬಾದ್ ಕರ್ನಾಟಕದವರಿಗೆ ಸ್ಥಳೀಯ ಮೀಸಲಾತಿ ಕೊಡಲು ಬೆಂಗಳೂರಿನಲ್ಲಿ ಒಂದು ಕಾನೂನು ಮಾಡಿದ್ದರೆ ಸಾಲುತ್ತಿರಲಿಲ್ಲ. 98ನೇ ತಿದ್ದುಪಡಿಯ ಮೂಲಕ ಸಂವಿಧಾನದೊಳಗೇ 371ಜೆ ವಿಧಿಯನ್ನು ಸೇರಿಸಬೇಕಾಯಿತು. ರಾಷ್ಟ್ರಪತಿಯವರ ಆದೇಶ, ಅದರಡಿ ರಾಜ್ಯಪಾಲರಿಗೆ ವಿಶೇಷ ಹೊಣೆ, ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಹುಟ್ಟಿನಿಂದ ಅಥವಾ ವಾಸದಿಂದ ಆ ಭಾಗಕ್ಕೆ ಸೇರಿದವರಿಗೆ ಸೀಟು ಮತ್ತು ಹುದ್ದೆ. ವಿಧಿಯ ಒಡಲಿನಲ್ಲಿ ಇರುವುದು ಇಷ್ಟು. ಕಲಬುರಗಿ, ಬೀದರ್, ರಾಯಚೂರು, ಕೊಪ್ಪಳ, ಬಳ್ಳಾರಿ, ಯಾದಗಿರಿಯ ಸಾವಿರಾರು ಮಕ್ಕಳು ಆ ಪ್ರಮಾಣಪತ್ರವನ್ನು ಅರ್ಜಿಗೆ ಲಗತ್ತಿಸುತ್ತಾರೆ. ಆ ವಿಧಿಯನ್ನು ಒಮ್ಮೆಯಾದರೂ ಪೂರ್ತಿ ಓದುವ ಹಕ್ಕು ಎಲ್ಲರಿಗಿಂತ ಮೊದಲು ಅವರದು.

ಸಂವಿಧಾನದ ಕನ್ನಡ ಪಠ್ಯವೂ ಇದೆ. ಕಾನೂನಿನ ಕನ್ನಡ ಬಿಗಿಯಾಗಿದೆ, ಮೊದಲ ಓದಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ದಿನಕ್ಕೆ ನಾಲ್ಕೈದು ವಿಧಿ ಸಾಕು. ‘ಆದರೆ’, ‘ಒಳಪಟ್ಟು’, ‘ಮಾತ್ರ’, ‘ಕಡಿಮೆಯಿಲ್ಲದಂತೆ’ ಎಂಬ ಪದ ಕಂಡಲ್ಲೆಲ್ಲ ಪೆನ್ಸಿಲ್ ಗೆರೆ ಎಳೆಯಿರಿ.

2. ತೀರ್ಪುಗಳನ್ನು ನಮ್ಮ ನೆಲದಿಂದ ಶುರು ಮಾಡಿ

ತೀರ್ಪುಗಳ ಪಟ್ಟಿ ಕಂಡರೆ ಹಳ್ಳಿಯಿಂದ ಬಂದ ಮಕ್ಕಳು ಹೆದರುತ್ತಾರೆ. ಆದರೆ ಈ ದೇಶದ ಸಂವಿಧಾನಕ್ಕೆ ತಿರುವು ಕೊಟ್ಟ ಮೊಕದ್ದಮೆಗಳಲ್ಲಿ ಎಷ್ಟೋ ನಮ್ಮ ಸುತ್ತಮುತ್ತಲಿನವೇ. ಕೇಶವಾನಂದ ಭಾರತಿ ಸ್ವಾಮೀಜಿ ಕಾಸರಗೋಡಿನ ಎಡನೀರು ಮಠದವರು. ಕೇರಳದ ಭೂಸುಧಾರಣೆ ಕಾನೂನನ್ನು ಪ್ರಶ್ನಿಸಿ ಅವರು ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು 7–6 ಬಹುಮತದಲ್ಲಿ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಎಂದಿತು.

ಅದಾದ ಮೇಲೆ 1976ರಲ್ಲಿ 42ನೇ ತಿದ್ದುಪಡಿ ಬಂತು. ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಮಿತಿಯೇ ಇಲ್ಲ, ಯಾವ ಕೋರ್ಟೂ ಅದನ್ನು ಪ್ರಶ್ನಿಸುವಂತಿಲ್ಲ ಎಂದು 368ನೇ ವಿಧಿಗೆ (4) ಮತ್ತು (5)ನೇ ಖಂಡಗಳನ್ನು ಸೇರಿಸಿತು. ಅದನ್ನು ಬೀಳಿಸಿದ್ದು ಬೆಂಗಳೂರಿನ ಒಂದು ಬಟ್ಟೆ ಗಿರಣಿಯ ಮೊಕದ್ದಮೆ. ಅದೇ 1980ರ ಮಿನರ್ವ ಮಿಲ್ಸ್ ತೀರ್ಪು. ಇವತ್ತು ನೀವು ಸಂವಿಧಾನದ ಪ್ರತಿ ತೆರೆದರೆ ಆ ಎರಡೂ ಖಂಡಗಳು ಅಲ್ಲೇ ಅಚ್ಚಾಗಿವೆ. ಅವು ಅಸಿಂಧು ಎಂಬುದು ಅಡಿಟಿಪ್ಪಣಿಯಲ್ಲಿ ಮಾತ್ರ ಇದೆ. ಆದ್ದರಿಂದ ಅಡಿಟಿಪ್ಪಣಿ ಬಿಟ್ಟು ಓದಬೇಡಿ.

ಎಸ್.ಆರ್. ಬೊಮ್ಮಾಯಿ ಪ್ರಕರಣಕ್ಕೆ ನಾನು ಒಂದು ಇಡೀ ತರಗತಿ ಕೊಡುತ್ತೇನೆ. ಧಾರವಾಡದ ಮಕ್ಕಳಿಗೆ ಬೊಮ್ಮಾಯಿಯವರ ಹೆಸರು ಮನೆಯಲ್ಲೇ ಕೇಳಿ ಗೊತ್ತು. 1989ರ ಏಪ್ರಿಲ್‌ನಲ್ಲಿ ಕೆಲವು ಶಾಸಕರು ಬೆಂಬಲ ವಾಪಸು ಪಡೆದ ಪತ್ರಗಳು ರಾಜ್ಯಪಾಲರ ಕೈ ಸೇರಿದವು. ಸದನ ಕರೆಯಿರಿ, ಬಹುಮತ ತೋರಿಸುತ್ತೇನೆ ಎಂದು ಮುಖ್ಯಮಂತ್ರಿ ಬೊಮ್ಮಾಯಿ ಕೇಳಿದರು. ಸದನ ಸೇರಲೇ ಇಲ್ಲ, ಏಪ್ರಿಲ್ 21ರಂದು 356ನೇ ವಿಧಿಯಡಿ ಸರ್ಕಾರ ವಜಾ ಆಯಿತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು ಹೀಗಿದೆ: ಬಹುಮತದ ಪರೀಕ್ಷೆ ನಡೆಯಬೇಕಾದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ. ರಾಷ್ಟ್ರಪತಿ ಆಡಳಿತದ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು. ಸಂಸತ್ತು ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಜಾತ್ಯತೀತತೆ ಮೂಲ ರಚನೆಯ ಭಾಗ. ಕರ್ನಾಟಕ, ನಾಗಾಲ್ಯಾಂಡ್, ಮೇಘಾಲಯದ ವಜಾ ತಪ್ಪೆಂದಿತು. 1992ರ ಡಿಸೆಂಬರ್‌ನಲ್ಲಿ ಬಾಬರಿ ಮಸೀದಿ ನೆಲಸಮವಾದ ಬಳಿಕ ವಜಾ ಆದ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳಲ್ಲಿ ಅದನ್ನು ಎತ್ತಿಹಿಡಿಯಿತು. ಈ ಎರಡನೆಯ ಭಾಗವನ್ನು ನೋಟ್ಸ್‌ಗಳು ಬಿಟ್ಟುಬಿಡುತ್ತವೆ, ಪ್ರಶ್ನೆಪತ್ರಿಕೆ ಬಿಡುವುದಿಲ್ಲ. ತೀರ್ಪು ಬರುವ ಹೊತ್ತಿಗೆ ಕರ್ನಾಟಕದ ಆ ವಿಧಾನಸಭೆಯ ಕಾಲವೇ ಮುಗಿದಿತ್ತು. ಆದರೂ ಅದರ ನಂತರ ಸರ್ಕಾರಗಳನ್ನು ಹಾಗೆ ಸಲೀಸಾಗಿ ಕಿತ್ತುಹಾಕುವುದು ಕಷ್ಟವಾಯಿತು. ಒಬ್ಬ ಮನುಷ್ಯನ ಹಟ ಇಡೀ ದೇಶದ ರಾಜ್ಯಗಳಿಗೆ ಕಾವಲಾಯಿತು ಎಂದು ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

2017ರ ಖಾಸಗಿತನದ ತೀರ್ಪಿನ ಹೆಸರೂ ಹೀಗೆಯೇ. ಅರ್ಜಿದಾರರಾದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ.

3. ತಿದ್ದುಪಡಿಯ ಹಿಂದೆ ಇರುವ ಕಾರಣ ಹಿಡಿಯಿರಿ

86ನೇ ತಿದ್ದುಪಡಿ, 2002, ಶಿಕ್ಷಣದ ಹಕ್ಕು. ಹೀಗೆ ಕಂಠಪಾಠ ಮಾಡಿದರೆ ವಾರದಲ್ಲಿ ಮರೆಯುತ್ತದೆ. ಕಥೆ ಶುರುವಾಗಿದ್ದು ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜಿನ ಶುಲ್ಕದಿಂದ. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000. ಉತ್ತರಪ್ರದೇಶದ ಮೋಹಿನಿ ಜೈನ್ ಸುಪ್ರೀಂ ಕೋರ್ಟಿಗೆ ಹೋದರು. 1992ರ ತೀರ್ಪು ಶಿಕ್ಷಣವನ್ನು ಹಕ್ಕು ಎಂದು ಕರೆಯಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣ ಆ ಹಕ್ಕನ್ನು 14 ವರ್ಷದವರೆಗೆ ಎಂದು ಮಿತಿಗೊಳಿಸಿತು. ಆಮೇಲೆ 86ನೇ ತಿದ್ದುಪಡಿ, 2009ರ ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿ.

ಆ ಒಂದು ತಿದ್ದುಪಡಿ ಮೂರು ಕಡೆ ಕೈ ಹಾಕಿದೆ. ಮೂಲಭೂತ ಹಕ್ಕುಗಳಲ್ಲಿ 21ಎ ಬಂತು, 6ರಿಂದ 14 ವರ್ಷದ ಮಕ್ಕಳಿಗೆ. ನಿರ್ದೇಶಕ ತತ್ವಗಳಲ್ಲಿ 45ನೇ ವಿಧಿ ಬದಲಾಗಿ ಆರು ವರ್ಷದೊಳಗಿನ ಮಕ್ಕಳ ಆರೈಕೆಯ ಮಾತಾಯಿತು. 51ಎಗೆ ತಂದೆತಾಯಿಯರ ಕರ್ತವ್ಯವಾಗಿ 11ನೆಯದು ಸೇರಿತು. ಹಕ್ಕು ಮಗುವಿನದು, ಹೊಣೆ ಸರ್ಕಾರದ್ದು, ಕರ್ತವ್ಯ ಪಾಲಕರದು ಎಂದು ಹಿಡಿದರೆ ಮೂರೂ ಸಂಖ್ಯೆ ಒಟ್ಟಿಗೆ ನಿಲ್ಲುತ್ತವೆ. 1951ರ ಮೊದಲ ತಿದ್ದುಪಡಿಯನ್ನು ಚಂಪಕಂ ದೊರೈರಾಜನ್ ತೀರ್ಪಿನ ಜೊತೆ, 44ನೆಯದನ್ನು ತುರ್ತುಪರಿಸ್ಥಿತಿಯ ಜೊತೆ ಓದಿ. ಎಲ್ಲ ತಿದ್ದುಪಡಿಗಳಿಗೂ ಇಷ್ಟು ಸಮಯ ಕೊಡಬೇಕಾಗಿಲ್ಲ, ಹದಿನೈದಿಪ್ಪತ್ತು ಸಾಕು.

4. ಭಿನ್ನರಾಶಿ ಕಂಡಲ್ಲಿ ಲೆಕ್ಕ ಹಾಕಿ

171ನೇ ವಿಧಿ ವಿಧಾನ ಪರಿಷತ್ತಿನ ರಚನೆಯನ್ನು ಮೂರನೇ ಒಂದು, ಹನ್ನೆರಡನೇ ಒಂದು ಎಂದು ಹೇಳುತ್ತದೆ. ಇದನ್ನು ಹಾಗೇ ಬಾಯಿಪಾಠ ಮಾಡುವ ಬದಲು ನಮ್ಮ ಪರಿಷತ್ತಿನ 75 ಸ್ಥಾನಗಳಿಗೆ ಹಚ್ಚಿ ನೋಡಿ. ಸ್ಥಳೀಯ ಸಂಸ್ಥೆಗಳಿಂದ 25, ಶಾಸಕರಿಂದ 25. ಹನ್ನೆರಡನೇ ಒಂದು ಎಂದರೆ 6.25 ಬರುತ್ತದೆ. ಆದರೆ ವಿಧಿಯಲ್ಲಿ ‘ಸಾಧ್ಯವಾದಷ್ಟು ಹತ್ತಿರ’ ಎಂಬ ಮಾತಿದೆ, ಆದ್ದರಿಂದ ಪದವೀಧರರಿಂದ 7, ಶಿಕ್ಷಕರಿಂದ 7. ಉಳಿದ 11 ಮಂದಿಯನ್ನು ರಾಜ್ಯಪಾಲರು ನಾಮಕರಣ ಮಾಡುತ್ತಾರೆ. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆ, ಜೊತೆಗೆ ಸಹಕಾರ ಚಳವಳಿ. ರಾಜ್ಯಸಭೆಯ 12 ನಾಮಕರಣಗಳ ಪಟ್ಟಿಯಲ್ಲಿ ಸಹಕಾರ ಇಲ್ಲ. ಈ ವ್ಯತ್ಯಾಸ ಪರೀಕ್ಷೆಯಲ್ಲಿ ಬರುತ್ತಲೇ ಇರುತ್ತದೆ.

ಸಚಿವರ ಸಂಖ್ಯೆಯೂ ಹೀಗೆಯೇ. 91ನೇ ತಿದ್ದುಪಡಿ ವಿಧಾನಸಭೆಯ ಶೇ. 15ರ ಮಿತಿ ಹಾಕಿತು. ನಮ್ಮ 224ಕ್ಕೆ ಅದು 33.6. ಮುಖ್ಯಮಂತ್ರಿ ಸೇರಿ 34 ಮಂದಿ ಎಂದು ಪತ್ರಿಕೆಯಲ್ಲಿ ಓದುವ ಸಂಖ್ಯೆ ಬಂದದ್ದು ಇಲ್ಲಿಂದ.

5. ಒಂದೇ ರೀತಿ ಕಾಣುವವುಗಳನ್ನು ಪಕ್ಕಪಕ್ಕ ಇಡಿ

32ನೇ ವಿಧಿಯಡಿ ಸುಪ್ರೀಂ ಕೋರ್ಟು ರಿಟ್ ಕೊಡುವುದು ಮೂಲಭೂತ ಹಕ್ಕಿಗಾಗಿ. 226ರಡಿ ಹೈಕೋರ್ಟು ಬೇರೆ ಕಾನೂನುಬದ್ಧ ಹಕ್ಕಿಗೂ ಕೊಡಬಹುದು. ಧನ ಮಸೂದೆಯನ್ನು ಮೇಲ್ಮನೆ 14 ದಿನದಲ್ಲಿ ಹಿಂತಿರುಗಿಸಬೇಕು. ಸಾಮಾನ್ಯ ಮಸೂದೆಯನ್ನು ಪರಿಷತ್ತು ಮೊದಲು ಮೂರು ತಿಂಗಳು, ಎರಡನೇ ಸಲ ಒಂದು ತಿಂಗಳು ತಡೆಯಬಹುದು, ಅಷ್ಟೇ. ಸಂಸತ್ತಿನಲ್ಲಿರುವ ಜಂಟಿ ಅಧಿವೇಶನ ರಾಜ್ಯದಲ್ಲಿಲ್ಲ.

6. ಪಂಚಾಯತ್ ಭಾಗವನ್ನು ಊರಿನಲ್ಲಿ ಓದಿ

ಪಿಡಿಒ ಪರೀಕ್ಷೆಗೆ ಕೂರುವವರು 9ನೇ ಭಾಗವನ್ನು ಎಷ್ಟು ಸಲ ಓದಿದರೂ ಹೆಚ್ಚಲ್ಲ. 243ನೇ ವಿಧಿಯ ಪ್ರಕಾರ ಗ್ರಾಮ ಸಭೆ ಎಂದರೆ ಮತದಾರರ ಪಟ್ಟಿಯಲ್ಲಿ ಹೆಸರಿರುವವರ ಸಭೆ. ಪಟ್ಟಿಯಲ್ಲಿ ಹೆಸರಿದ್ದರೆ ನೀವೂ ಅದರ ಸದಸ್ಯರು. ರಜೆಗೆ ಊರಿಗೆ ಹೋದಾಗ ಒಂದು ಗ್ರಾಮ ಸಭೆಯಲ್ಲಿ ಕೂತು ಬನ್ನಿ. ಮನೆ ಹಂಚಿಕೆಯ ಪಟ್ಟಿ ಓದುವಾಗ ಏಳುವ ಜಗಳ, ನೀರಿನ ದೂರು, ಹಿಂದೆ ನಿಂತ ಹೆಂಗಸರು ಮಾತಾಡಲು ಶುರು ಮಾಡಿದ ಮೇಲೆ ಬದಲಾಗುವ ಸಭೆಯ ದನಿ, ಇವನ್ನು ನೋಡಿದವರ ಉತ್ತರ ಮೇನ್ಸ್‌ನಲ್ಲಿ ಬೇರೆಯೇ ಇರುತ್ತದೆ.

ಈ ವಿಷಯದಲ್ಲಿ ಕರ್ನಾಟಕ ದೇಶಕ್ಕಿಂತ ಮುಂದಿತ್ತು. ಅಂದಿನ ಸಚಿವ ಅಬ್ದುಲ್ ನಜೀರ್ ಸಾಬ್ ಮುತುವರ್ಜಿಯ 1983ರ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತ್‌ಗಳನ್ನು ತಂದು ಮಹಿಳೆಯರಿಗೆ ಶೇ. 25 ಸ್ಥಾನ ಕೊಟ್ಟಿತು, 1987ರಲ್ಲಿ ಚುನಾವಣೆ ನಡೆಯಿತು. 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. 243ಡಿ ವಿಧಿಯ ಮಾತು ‘ಮೂರನೇ ಒಂದಕ್ಕೆ ಕಡಿಮೆಯಿಲ್ಲದಂತೆ’. ಕರ್ನಾಟಕ ಶೇ. 50ರವರೆಗೆ ಹೋಗಲು ಬಾಗಿಲು ತೆರೆದಿಟ್ಟದ್ದು ಆ ‘ಕಡಿಮೆಯಿಲ್ಲದಂತೆ’. ಪಂಚಾಯತ್ ರಚಿಸಲೇಬೇಕು ಎಂದು 243ಬಿ ಹೇಳುತ್ತದೆ. ಆದರೆ 11ನೇ ಅನುಸೂಚಿಯ 29 ವಿಷಯಗಳ ಅಧಿಕಾರವನ್ನು ರಾಜ್ಯ ‘ಕೊಡಬಹುದು’ ಎಂದಷ್ಟೇ 243ಜಿ ಹೇಳುತ್ತದೆ. ಪಂಚಾಯತ್‌ಗಳ ಕೈಗೆ ಅಧಿಕಾರ ಪೂರ್ತಿ ಬಾರದಿರುವುದಕ್ಕೆ ಈ ‘ಬಹುದು’ ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ.

7. ಹಳೆಯ ಪ್ರಶ್ನೆಪತ್ರಿಕೆಯನ್ನು ತಪ್ಪು ಆಯ್ಕೆಗಳಿಗಾಗಿ ಓದಿ

ಸರಿ ಉತ್ತರ ಒಂದನ್ನು ಕಲಿಸುತ್ತದೆ, ಉಳಿದ ಮೂರು ಏಕೆ ತಪ್ಪು ಎಂದು ವಿಧಿ ತೆರೆದು ನೋಡಿದರೆ ಇನ್ನೂ ಮೂರು ಕಲಿಯುತ್ತೀರಿ. ಕೀ ಆನ್ಸರ್ ನೋಡಿ ಗೀಟು ಹಾಕಿ ಮುಂದೆ ಹೋಗುವುದು ಅಭ್ಯಾಸವಲ್ಲ. ಇಬ್ಬರು ಕೂತು ಮಾಡುವುದು ಒಳ್ಳೆಯದು. ಒಬ್ಬರು ವಿಧಿಯನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಅದರಿಂದ ಪ್ರಶ್ನೆ ತೆಗೆಯಲಿ.

8. ಪತ್ರಿಕೆಯ ಸುದ್ದಿಗೆ ವಿಧಿ ಹುಡುಕಿ

ರಾಜ್ಯಪಾಲರು ಮಸೂದೆ ವಾಪಸು ಕಳಿಸಿದರು ಎಂಬ ಸುದ್ದಿ ಬಂದರೆ ಅಂದೇ 200 ಮತ್ತು 201ನೇ ವಿಧಿ ಓದಿ. ವಾಪಸು ಬಂದ ಮಸೂದೆಯನ್ನು ವಿಧಾನಮಂಡಲ ಮತ್ತೆ ಅಂಗೀಕರಿಸಿದರೆ ರಾಜ್ಯಪಾಲರು ಅಂಕಿತ ತಡೆಯುವಂತಿಲ್ಲ. ರಾಷ್ಟ್ರಪತಿಗೆ ಕಾದಿರಿಸಿದ ಮಸೂದೆಯ ವಿಷಯದಲ್ಲಿ ಆ ಕಟ್ಟುಪಾಡನ್ನು 201 ಹೇಳುವುದಿಲ್ಲ. ಎರಡೂ ವಾಕ್ಯಗಳನ್ನು ಒಟ್ಟಿಗೆ ಇಟ್ಟಾಗ ಮಾತ್ರ ಇದು ಕಾಣುತ್ತದೆ.

ಶಾಸಕರ ರಾಜೀನಾಮೆಯ ಸುದ್ದಿ ನಮ್ಮ ರಾಜ್ಯಕ್ಕೆ ಹೊಸತಲ್ಲ. 2019ರಲ್ಲಿ 17 ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದರು, ವಿಧಾನಸಭೆಯ ಅವಧಿ ಮುಗಿಯುವವರೆಗೆ ಚುನಾವಣೆಗೆ ನಿಲ್ಲುವಂತಿಲ್ಲ ಎಂದೂ ಸೇರಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ಉಳಿಸಿ, ಎರಡನೆಯ ಮಾತನ್ನು ತೆಗೆದುಹಾಕಿತು, ಏಕೆಂದರೆ 10ನೇ ಅನುಸೂಚಿಯಲ್ಲಿ ಸ್ಪೀಕರ್‌ಗೆ ಅಂಥ ಅಧಿಕಾರ ಎಲ್ಲಿಯೂ ಬರೆದಿಲ್ಲ. 10ನೇ ಅನುಸೂಚಿ ಕೆಲವೇ ಪುಟಗಳದ್ದು. ರಾಜೀನಾಮೆ ಸ್ವಇಚ್ಛೆಯದೇ ಎಂದು ಪರಿಶೀಲಿಸಲು ಹೇಳುವ 190(3)ನೇ ವಿಧಿಯನ್ನು ಅದರ ಜೊತೆ ಇಟ್ಟುಕೊಳ್ಳಿ. ಒಂದು ಸಂಜೆಯಲ್ಲಿ ಎರಡೂ ಮುಗಿಯುತ್ತವೆ.