ಯುಗಾದಿಗೆ ಗಡಿಗೆ ತುಂಬ ಬೇವು: ದುಬಲಗುಂಡಿ ಕಡೆಯ ಕ್ರಮ

ಬೆಂಗಳೂರು, ಮೈಸೂರು ಕಡೆ ಯುಗಾದಿಯ ಬೇವು-ಬೆಲ್ಲ ಅಂಗೈಗೆ ಬೀಳುವ ಒಂದು ಚಿಟಿಕೆ. ದುಬಲಗುಂಡಿ, ಹುಮನಾಬಾದ್, ಬಸವಕಲ್ಯಾಣದ ಕಡೆ ಬೇವನ್ನು ಲೋಟದಲ್ಲಿ ಕುಡಿಯುತ್ತಾರೆ. ಹೊಸ ಗಡಿಗೆಯಲ್ಲಿ ಕಲಸಿದ ಈ ಹುಳಿ-ಸಿಹಿ ಪಾನಕಕ್ಕೆ ಓಣಿಯವರನ್ನೂ ನೆಂಟರನ್ನೂ ‘ಬೇವು ಕುಡಿಯಲಿಕ್ಕೆ ಬರ್ರಿ’ ಎಂದು ಕರೆಯುವುದು ರೂಢಿ. ಮುಂಜಾನೆ ಕಲಸಿದ ಬೇವು ಕಡೆಗೆ ಬಂದವರಿಗೂ ಕೆಡದೆ ಸಿಗಬೇಕು. ಕೆಳಗಿನ ಕ್ರಮವೆಲ್ಲ ಅದಕ್ಕಾಗಿಯೇ.

2026ರ ಯುಗಾದಿ ಮಾರ್ಚ್ 19ರಂದು. ಶಾಲಿವಾಹನ ಶಕ 1948, ಪರಾಭವ ಸಂವತ್ಸರ. ವರ್ಷ ಎಣಿಸುವ ವಿಷಯದಲ್ಲಿ ಈ ಸೀಮೆಗೆ ಹಳೆಯ ಹೆಸರಿದೆ: ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ, ಆಳಿದ ಆರನೇ ವಿಕ್ರಮಾದಿತ್ಯ 1076ರಲ್ಲಿ ಚಾಲುಕ್ಯ ವಿಕ್ರಮ ವರ್ಷವೆಂಬ ತನ್ನದೇ ಲೆಕ್ಕ ಆರಂಭಿಸಿದ್ದ.

ಬೇಕಾಗುವ ಸಾಮಾನು (ಹತ್ತು-ಹನ್ನೆರಡು ಲೋಟಕ್ಕೆ)

• ಕುದಿಸಿ ಆರಿಸಿದ ನೀರು 2 ಲೀಟರ್
• ಹುಣಸೆ 50 ಗ್ರಾಂ, ಬೆಲ್ಲ 300 ಗ್ರಾಂ
• ಬೇವಿನ ಹೂ 2 ಚಮಚ
• ಹುಳಿ ಮಾವಿನಕಾಯಿ 1
• ಪುಠಾಣಿ ಹಿಟ್ಟು 50 ಗ್ರಾಂ
• ಒಣಕೊಬ್ಬರಿ ತುರಿ, ಉತ್ತತ್ತಿ, ಗೋಡಂಬಿ, ದ್ರಾಕ್ಷಿ ಒಂದೊಂದು ಹಿಡಿ
• ಗಸಗಸೆ, ಬಡೇಸೋಂಪು, ಏಲಕ್ಕಿ ಪುಡಿ ಸ್ವಲ್ಪ

ಮಾಡುವ ಕ್ರಮ

1. ಗಡಿಗೆ ಆರಿಸಿ. ಎರಡು ದಿನ ಮೊದಲೇ ತನ್ನಿ. ಬೆರಳಿನಿಂದ ಬಡಿದರೆ ಖಣಖಣ ಎನ್ನಬೇಕು. ಸದ್ದು ಮಂದವಾಗಿದ್ದರೆ ಎಲ್ಲೋ ಬಿರುಕಿದೆ. ಬಣ್ಣ ಬಳಿದದ್ದು ಬೇಡ. ಗಡಿಗೆಯ ಮೈಯಿಂದ ನೀರು ಜಿನುಗಿ ಆರುವುದರಿಂದಲೇ ಒಳಗಿನದು ತಂಪಾಗುತ್ತದೆ, ಬಣ್ಣ ಆ ದಾರಿ ಮುಚ್ಚುತ್ತದೆ. ಒಂದು ರಾತ್ರಿ ನೀರು ತುಂಬಿಟ್ಟು ಚೆಲ್ಲಿದರೆ ಮಣ್ಣಿನ ವಾಸನೆ ತಗ್ಗುತ್ತದೆ.

2. ಹಿಂದಿನ ರಾತ್ರಿ ಉತ್ತತ್ತಿಯ ಬೀಜ ತೆಗೆದು ನೆನೆಹಾಕಿ. ಒಣಗಿದ್ದನ್ನೇ ಹಾಕಿದರೆ ಹಲ್ಲಿಗೆ ಗಟ್ಟಿ.

3. ಹಬ್ಬದ ಮುಂಜಾನೆ ಮರದ ಕೆಳಗೆ ಬಟ್ಟೆ ಹಾಸಿ, ಕೊಂಬೆ ಅಲುಗಿಸಿ ಹೂ ಉದುರಿಸಿಕೊಳ್ಳಿ. ಹೆದ್ದಾರಿ ಬದಿಯ ಧೂಳು ಕುಡಿದ ಮರ ಬೇಡ. ಯುಗಾದಿ ಮಾರ್ಚ್‌ನಲ್ಲೇ ಬಂದ ವರ್ಷ ಹೂ ಅರಳದಿರಬಹುದು. ಆಗ ನಾಲ್ಕೈದು ಎಳೆ ಚಿಗುರು ಸಣ್ಣಗೆ ಹೆಚ್ಚಿಕೊಳ್ಳಿ. ಎಲೆ ಹೂವಿಗಿಂತ ಕಹಿ, ಕೈ ಬಿಗಿಹಿಡಿಯಿರಿ.

4. ಹುಣಸೆಯನ್ನು ಅರ್ಧ ಗಂಟೆ ನೆನೆಸಿ ಕಿವುಚಿ. ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ. ಎರಡನ್ನೂ ತೆಳು ಬಟ್ಟೆಯಲ್ಲಿ ಸೋಸಿ ಗಡಿಗೆಗೆ ಸುರಿಯಿರಿ, ಉಳಿದ ನೀರು ಸೇರಿಸಿ.

5. ಮಾವಿನಕಾಯಿ ತುರಿ, ಕೊಬ್ಬರಿ, ಉತ್ತತ್ತಿ, ಗೋಡಂಬಿ, ದ್ರಾಕ್ಷಿ, ಗಸಗಸೆ, ಬಡೇಸೋಂಪು, ಏಲಕ್ಕಿ ಹಾಕಿ ಕಲಕಿ. ರುಚಿ ನೋಡಿ: ಹುಳಿ ಮೊದಲು, ಸಿಹಿ ಆಮೇಲೆ ನಾಲಿಗೆಗೆ ತಾಗಿದರೆ ಹದ ಸರಿ.

6. ಹೂ ಹಾಕುವ ಮೊದಲು ಒಂದು ತಂಬಿಗೆ ಬೇರೆ ತೆಗೆದಿಡಿ. ಎಳೆ ಮಕ್ಕಳಿಗೆ, ಗರ್ಭಿಣಿಯರಿಗೆ ಬೇವಿಲ್ಲದ ಆ ಪಾನಕವೇ ಸಾಕು. ಆಮೇಲೆ ಗಡಿಗೆಗೆ ಹೂ ಹಾಕಿ ಕಲಕಿ.

7. ಗಡಿಗೆಗೆ ಒದ್ದೆ ಬಟ್ಟೆ ಸುತ್ತಿ, ಗಾಳಿಯಾಡುವ ನೆರಳಿನಲ್ಲಿಡಿ.

8. ಪುಠಾಣಿ ಹಿಟ್ಟನ್ನು ಗಡಿಗೆಗೆ ಹಾಕಬೇಡಿ. ಅದು ನೆನೆದು ದಪ್ಪಗಾಗುತ್ತದೆ, ಬಿಸಿಲಿಗೆ ಬೇಗ ಹುಳಿಯುತ್ತದೆ. ಕುಡಿಯುವಾಗ ಲೋಟಕ್ಕೆ ಒಂದು ಚಮಚ ಕಲಸಿದರಾಯಿತು. ಬಾಳೆಹಣ್ಣು, ಕರ್ಬೂಜ ಹಾಕುವವರಿಗೂ ಇದೇ ಮಾತು.

ಹಂಚುವಾಗ

ದೇವರಿಗೆ ನೈವೇದ್ಯವಾದ ಮೇಲೆ ಹಿರಿಯರಿಗೆ, ಆಮೇಲೆ ಬಂದವರಿಗೆ. ಲೋಟ ತುಂಬಿಸಬೇಡಿ, ಅವರು ಇನ್ನೂ ನಾಲ್ಕು ಮನೆಯಲ್ಲಿ ಕುಡಿಯಬೇಕು, ಮಧ್ಯಾಹ್ನ ಹೋಳಿಗೆ, ಕಟ್ಟಿನ ಸಾರಿಗೂ ಹೊಟ್ಟೆಯಲ್ಲಿ ಜಾಗ ಇರಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ಎರಡು ಗುಟುಕು ಶಾಸ್ತ್ರ ಸಾಕು. ಬೇವು ಬಿದ್ದ ಮಾತ್ರಕ್ಕೆ ಬೆಲ್ಲದ ಸಕ್ಕರೆ ಕಡಿಮೆಯಾಗದು.

2026ರಲ್ಲಿ ಯುಗಾದಿ ರಂಜಾನ್ ಉಪವಾಸದ ಕೊನೆಯ ದಿನಗಳಲ್ಲಿ ಬರುತ್ತದೆ. ರೋಜಾ ಇರುವ ನೆರೆಯವರ ಪಾಲನ್ನು ಹಿಟ್ಟು, ಹಣ್ಣು ಬೆರೆಸದೆ ಫ್ರಿಜ್‌ನಲ್ಲಿಟ್ಟು, ಇಫ್ತಾರ್ ಹೊತ್ತಿಗೆ ಕಳಿಸಿಕೊಡಿ. ಮರುದಿನಕ್ಕೆ ಮಾತ್ರ ಉಳಿಸಬೇಡಿ. ನೊರೆ ಎದ್ದರೆ, ಹುಳಿವಾಸನೆ ಬಂದರೆ ಚೆಲ್ಲಿಬಿಡಿ.

ಹಬ್ಬದ ನಂತರ

ಗಡಿಗೆಯನ್ನು ಸಾಬೂನು ಹಾಕದೆ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಡಿ. ಸಾಬೂನನ್ನು ಮಣ್ಣು ಹೀರಿಕೊಳ್ಳುತ್ತದೆ. ಒಂಬತ್ತನೇ ತಿಥಿಗೆ ರಾಮನವಮಿ: ಅದೇ ಗಡಿಗೆಯಲ್ಲಿ ಬೆಲ್ಲ, ನಿಂಬೆ, ಏಲಕ್ಕಿಯ ಪಾನಕ ಮಾಡಬಹುದು. ಅಕ್ಷಯ ತೃತೀಯದ ಬಸವ ಜಯಂತಿಗೆ ಬಸವಕಲ್ಯಾಣದ ದಾರಿ ಹಿಡಿಯುವವರಿಗೆ ಮಜ್ಜಿಗೆ ತುಂಬಿಡಲೂ ಅದೇ ಗಡಿಗೆ ಆದೀತು. ಉಳಿದ ದಿನಗಳಲ್ಲಿ ಕುಡಿಯುವ ನೀರಿಗೆ ಬಳಸಿ, ವಾರಕ್ಕೊಮ್ಮೆ ಒಣಗಿಸಿದರೆ ಬೇಸಿಗೆ ದಾಟುವವರೆಗೂ ಬಾಳುತ್ತದೆ.