ಎಂಜಿನ್ ಏಕೆ ಕುದಿಯುತ್ತದೆ?

ಬಣ್ಣಾರಿ ಅಮ್ಮನ ಗುಡಿ ದಾಟಿ ದಿಂಬಂ ತಲಪುವಷ್ಟರಲ್ಲಿ ಘಾಟಿ ರಸ್ತೆಯಲ್ಲಿ 27 ಕಡಿದಾದ ತಿರುವುಗಳಿವೆ. ಸತ್ಯಮಂಗಲಕ್ಕೆ ಹೋಗಿ ಬರುವ ತಾಳವಾಡಿಯ ಜನರಿಗೆ ಇವನ್ನು ಎಣಿಸಿ ತೋರಿಸಬೇಕಾಗಿಲ್ಲ. ಬೇಸಿಗೆಯ ಮಧ್ಯಾಹ್ನ ಈ ದಾರಿಯಲ್ಲಿ ಬಂದವರು ಯಾವುದಾದರೊಂದು ಲಾರಿಯೋ ಟೆಂಪೋವೋ ಬಾನೆಟ್ಟು ಎತ್ತಿಕೊಂಡು ಹಬೆ ಬಿಡುತ್ತಾ ನಿಂತಿರುವುದನ್ನು ಕಂಡೇ ಇರುತ್ತಾರೆ. 'ಗಾಡಿ ಹೀಟಾಯ್ತು' ಎನ್ನುತ್ತಾರೆ ಡ್ರೈವರುಗಳು. ಅದೇ ಗಾಡಿ ತಾಳವಾಡಿಯ ಬಯಲಿನಲ್ಲಿ ದಿನವೆಲ್ಲ ಓಡಿದರೂ ಕುದಿಯುವುದಿಲ್ಲ, ಘಾಟಿಯಲ್ಲಿ ಮಾತ್ರ ಕುದಿಯುತ್ತದೆ. ಇದಕ್ಕೆ ಕಾರಣವೇನು? ಅಷ್ಟಕ್ಕೂ ಕುದಿಯುವುದು ಎಂಜಿನ್ನೋ, ನೀರೋ?

ಕನ್ನಡ ಪಾಠ ಹೇಳುವವರಿಗೆ ಎಂಜಿನ್ನಿನ ಉಸಾಬರಿ ಏಕೆ ಎಂದು ವಿಜ್ಞಾನದ ಮೇಷ್ಟರು ಕೇಳಬಹುದು. ನಮ್ಮಲ್ಲಿ ಓದಿದ ಹುಡುಗರಲ್ಲಿ ಅನೇಕರು ಮುಂದೆ ಸ್ಟಿಯರಿಂಗ್ ಹಿಡಿಯುತ್ತಾರೆ, ಇಲ್ಲವೇ ಸ್ಪ್ಯಾನರ್ ಹಿಡಿಯುತ್ತಾರೆ. ಅಲ್ಲಿ ಕಲಿಸುವ ಮಾತು ತಮಿಳು, ಬಿಡಿಭಾಗಗಳ ಹೆಸರು ಇಂಗ್ಲಿಷು. ಇವೆರಡರ ನಡುವೆ 'ಏಕೆ' ಎಂಬ ಪ್ರಶ್ನೆ ಎಲ್ಲೋ ಬಿದ್ದುಹೋಗುತ್ತದೆ. ಅದನ್ನು ನಾವು ಕನ್ನಡದಲ್ಲಿ ಒಮ್ಮೆ ಕೇಳಿ ನೋಡೋಣ.

ಮೊದಲು ಒಂದು ಪ್ರಯೋಗ. ಇದನ್ನು ಮನೆಯಲ್ಲಿ ಒಬ್ಬರೇ ಮಾಡಬೇಡಿ, ಶಾಲೆಯಲ್ಲಿ ಉಪಾಧ್ಯಾಯರ ಎದುರಿಗೆ ಮಾಡಿ. ದಪ್ಪ ಕಾಗದವನ್ನು ದೊನ್ನೆಯಂತೆ ಮಡಿಸಿ, ಅದರ ತುಂಬ ನೀರು ಹಾಕಿ, ಕೆಳಗೆ ಮೇಣದಬತ್ತಿಯ ಉರಿ ಹಿಡಿಯಿರಿ. ಕಾಗದ ಹೊತ್ತಿಕೊಳ್ಳುತ್ತದೆಂದು ಎಲ್ಲರೂ ಭಾವಿಸುತ್ತಾರೆ. ಆದರೆ ನೀರು ಬಿಸಿಯಾಗಿ ಕುದಿಯತೊಡಗಿದರೂ ಕಾಗದ ಉರಿಯುವುದಿಲ್ಲ. ಕಾಗದ ಹೊತ್ತಿಕೊಳ್ಳಲು ಸುಮಾರು 230 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಕಾಗದಕ್ಕೆ ಬಂದ ಉಷ್ಣವನ್ನು ನೀರು ಆಗಿಂದಾಗಲೇ ಎಳೆದುಕೊಳ್ಳುತ್ತದೆ, ನೀರು ತಾನು 100 ಡಿಗ್ರಿ ದಾಟುವುದಿಲ್ಲ. ಆದುದರಿಂದ ನೀರಿರುವವರೆಗೆ ಕಾಗದಕ್ಕೆ ಅಪಾಯವಿಲ್ಲ. ನೀರು ತಗುಲದ ಮೇಲಿನ ಅಂಚಿಗೆ ಉರಿ ತಾಗಿದರೆ ಮಾತ್ರ ಅದು ಕರಕಲಾಗುತ್ತದೆ.

ಎಂಜಿನ್ನಿನ ಸಿಲಿಂಡರು ಈ ದೊನ್ನೆಯಂತೆಯೇ. ಅದರೊಳಗೆ ಇಂಧನ ಉರಿಯುವಾಗ ಅನಿಲದ ಉಷ್ಣತೆ ಕ್ಷಣಮಾತ್ರ 2,000 ಡಿಗ್ರಿಗೂ ಮೇಲೆ ಹೋಗುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಪಿಸ್ಟನ್ನು ಸಾಮಾನ್ಯವಾಗಿ ಅಲ್ಯೂಮಿನಿಯಂ ಬೆರೆತ ಲೋಹದ್ದು! ನಿಮಿಷಕ್ಕೆ 1,500 ಸುತ್ತು ತಿರುಗುವ ಬಸ್ಸಿನ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿನಲ್ಲೂ ನಿಮಿಷಕ್ಕೆ 750 ಸಲ ಈ ಉರಿ ಏಳುತ್ತದೆ. ಲೋಹ ಕರಗುವ ಮಾತು ಹಾಗಿರಲಿ, ಅದಕ್ಕೂ ಬಹಳ ಮೊದಲೇ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ತೆಳುವಾದ ಎಣ್ಣೆಯ ಪದರ ಕೆಟ್ಟುಹೋಗಿ, ಲೋಹಕ್ಕೆ ಲೋಹ ಉಜ್ಜಿ, ಎರಡೂ ಕಚ್ಚಿಕೊಂಡು ನಿಂತುಬಿಡುತ್ತವೆ. ಇದನ್ನೇ ಮೆಕ್ಯಾನಿಕರು 'ಸೀಜ್ ಆಯಿತು' ಎನ್ನುವುದು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 8,600 ಕಿಲೋಕ್ಯಾಲರಿ ಉಷ್ಣ ಹೊರಬೀಳುತ್ತದೆ. ಅದೆಲ್ಲವೂ ಚಕ್ರ ತಿರುಗಿಸುವುದಿಲ್ಲ. ದೊಡ್ಡದೊಂದು ಪಾಲು ಹೊಗೆಯ ಜೊತೆ ಕೊಳವೆಯಲ್ಲಿ ಹೋಗುತ್ತದೆ, ಮತ್ತೊಂದು ಪಾಲು ಸಿಲಿಂಡರಿನ ಗೋಡೆಗೆ ಇಳಿಯುತ್ತದೆ. ಗೋಡೆಯ ಪಾಲು ಕಾಲು ಭಾಗವೆಂದು ಇಟ್ಟುಕೊಂಡರೂ 2,150 ಕಿಲೋಕ್ಯಾಲರಿ ಆಯಿತು. 25 ಡಿಗ್ರಿಯ ಒಂದು ಲೀಟರ್ ನೀರನ್ನು 100 ಡಿಗ್ರಿಗೆ ತರಲು 75 ಕಿಲೋಕ್ಯಾಲರಿ ಸಾಕು. ಭಾಗಿಸಿ ನೋಡಿ: 28 ಲೀಟರಿಗೂ ಹೆಚ್ಚು ನೀರು, ಅಂದರೆ ಹತ್ತಿರ ಹತ್ತಿರ ಎರಡು ಬಿಂದಿಗೆ ನೀರು, ಕುದಿಯುವ ಮಟ್ಟಕ್ಕೆ ಬರುತ್ತದೆ. ಒಂದೇ ಲೀಟರ್ ಡೀಸೆಲ್ಲಿನಿಂದ! ಘಾಟಿ ಏರುವ ಬಸ್ಸು ಕುಡಿಯುವುದು ಒಂದು ಲೀಟರಲ್ಲ.

ಮೊದಮೊದಲ ಮೋಟಾರು ಗಾಡಿಗಳು ನಿಜಕ್ಕೂ ದೊನ್ನೆಯ ರೀತಿಯಲ್ಲೇ ನಡೆಯುತ್ತಿದ್ದವು. 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ಟಾ ಬೆಂಜ್ ಎಂಬ ಮಹಿಳೆ, ತನ್ನ ಗಂಡ ಕಾರ್ಲ್ ಬೆಂಜ್ ನಿರ್ಮಿಸಿದ ಮೂರು ಚಕ್ರದ ಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ನೂರು ಕಿಲೋಮೀಟರಿಗೂ ಮೀರಿದ ದಾರಿ, ಹೋದರು. ಮಕ್ಕಳಿಗೆ ಹದಿಮೂರು, ಹದಿನೈದು ವರ್ಷ. ನಮ್ಮ ಎಂಟು, ಹತ್ತನೆಯ ತರಗತಿಯವರ ವಯಸ್ಸು. ಏರು ಬಂದಾಗ ಇಳಿದು ಗಾಡಿ ನೂಕುವುದು ಅವರ ಕೆಲಸ. ಆ ಗಾಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿದ್ದುದರಿಂದ ದಾರಿಯುದ್ದಕ್ಕೂ ಮತ್ತೆ ಮತ್ತೆ ನೀರು ತುಂಬಬೇಕಾಗುತ್ತಿತ್ತು.

ಹೀಗೆ ನೀರನ್ನು ಕಳೆದುಕೊಳ್ಳುವುದಕ್ಕಿಂತ, ಬಿಸಿಯಾದ ನೀರನ್ನೇ ತಣಿಸಿ ಹಿಂದಕ್ಕೆ ಕಳುಹಿಸಿದರೆ ಹೇಗೆ? ಇಂದಿನ ಏರ್ಪಾಡು ಇದೇ. ಸಿಲಿಂಡರುಗಳ ಸುತ್ತ ಗೋಡೆಯೊಳಗೆ ನೀರು ಹರಿಯಲು ಟೊಳ್ಳು ಬಿಟ್ಟಿರುತ್ತಾರೆ. ಪಂಪು ನೀರನ್ನು ಅಲ್ಲಿಗೆ ನೂಕುತ್ತದೆ. ಗೋಡೆಯ ಉಷ್ಣವನ್ನು ಹೊತ್ತ ನೀರು ಎಂಜಿನ್ನಿನ ತಲೆಯ ಭಾಗವನ್ನು ಸುತ್ತಿ, ರಬ್ಬರಿನ ಹೋಸ್ ಪೈಪಿನ ಮೂಲಕ ಗಾಡಿಯ ಮೂತಿಯಲ್ಲಿರುವ ರೇಡಿಯೇಟರಿಗೆ ಬರುತ್ತದೆ. ರೇಡಿಯೇಟರೆಂದರೆ ಸಾಲಾಗಿ ನಿಲ್ಲಿಸಿದ ಸಣ್ಣ ಕೊಳವೆಗಳು ಮತ್ತು ಅವುಗಳ ನಡುವೆ ಜೋಡಿಸಿದ ತೆಳು ತಗಡಿನ ರೆಕ್ಕೆಗಳು. ಬಿಸಿ ಸಾರನ್ನು ಲೋಟದಿಂದ ಅಗಲವಾದ ತಟ್ಟೆಗೆ ಸುರಿದರೆ ಬೇಗ ಆರುತ್ತದಲ್ಲವೇ? ಗಾಳಿಗೆ ತಗುಲುವ ಮೈ ಹೆಚ್ಚಿದಷ್ಟೂ ಉಷ್ಣ ಬೇಗ ಬಿಟ್ಟುಹೋಗುತ್ತದೆ. ರೆಕ್ಕೆಗಳ ಕೆಲಸವೂ ಅದೇ. ತಣಿದ ನೀರು ಕೆಳಗಿನ ಹೋಸ್ ಪೈಪಿನಲ್ಲಿ ಮತ್ತೆ ಪಂಪಿಗೆ ಬರುತ್ತದೆ.

ಆದುದರಿಂದ ನೀರು ಎಂಜಿನ್ನನ್ನು ತಣ್ಣಗಿಡುತ್ತದೆ ಎಂಬುದು ಅರ್ಧ ಮಾತು. ನೀರು ಹೊರೆಯಾಳು ಮಾತ್ರ. ಹೊರೆಯನ್ನು ಇಳಿಸಿಕೊಳ್ಳುವುದು ಗಾಳಿ. ಹೊರೆ ಹೊರುವುದರಲ್ಲಿ ನೀರಿಗೆ ಸಮನಿಲ್ಲವೆಂಬುದೂ ನಿಜ. ಅಷ್ಟೇ ತೂಕದ ಕಬ್ಬಿಣಕ್ಕಿಂತ ಒಂಬತ್ತು ಪಟ್ಟು ಹೆಚ್ಚು ಉಷ್ಣ ಹಿಡಿದರೂ ಅದರ ಉಷ್ಣತೆ ಕಬ್ಬಿಣದಷ್ಟೇ ಏರುತ್ತದೆ. ಆದರೆ ಆಚೆ ಇಳಿಸಿಕೊಳ್ಳುವವರಿಲ್ಲದಿದ್ದರೆ ಎಂಥ ಆಳಾದರೂ ಏನು ಮಾಡಿಯಾನು? (ನಮ್ಮ ಊರಿನ ಬಹುಪಾಲು ಮೋಟಾರ್ ಸೈಕಲ್ಲುಗಳಲ್ಲಿ ಈ ಆಳಿನ ಗೊಡವೆಯೇ ಇಲ್ಲ. ಸಿಲಿಂಡರಿಗೇ ರೆಕ್ಕೆಗಳನ್ನು ಎರಕ ಹೊಯ್ದಿರುತ್ತಾರೆ. ಅವಕ್ಕೆ ಅಂಟಿದ ಕೆಸರನ್ನು ತೊಳೆಯದೆ ಬಿಡುವವರು ಇದನ್ನು ಗಮನಿಸಬೇಕು.)

ಈಗ ಘಾಟಿಗೆ ಬರೋಣ. ಏರಿನಲ್ಲಿ ಎಂಜಿನ್ನು ಪೂರ್ಣ ಶಕ್ತಿ ಹಾಕುತ್ತದೆ, ಡೀಸೆಲ್ ಹೆಚ್ಚು ಉರಿಯುತ್ತದೆ, ಗೋಡೆಗೆ ಇಳಿಯುವ ಉಷ್ಣವೂ ಹೆಚ್ಚುತ್ತದೆ. ಗಾಡಿಯ ವೇಗ ಮಾತ್ರ ಎತ್ತಿನ ಗಾಡಿಯ ವೇಗದಿಂದ ಬಹಳ ದೂರವಿಲ್ಲ, ಆದುದರಿಂದ ಎದುರುಗಾಳಿ ಇಲ್ಲ. ಇದ್ದರೆ ಫ್ಯಾನಿನ ಗಾಳಿಯೊಂದೇ. ಇದರ ಮೇಲೆ ಬೇಸಿಗೆ. ರೇಡಿಯೇಟರಿನ ನೀರು 95 ಡಿಗ್ರಿ, ಹೊರಗಿನ ಗಾಳಿ 20 ಡಿಗ್ರಿ ಇದ್ದರೆ ಅಂತರ 75. ಗಾಳಿಯೇ 40 ಡಿಗ್ರಿ ಇದ್ದರೆ ಅಂತರ 55 ಮಾತ್ರ. ಉಷ್ಣ ಬಿಟ್ಟುಹೋಗುವುದು ಈ ಅಂತರಕ್ಕೆ ತಕ್ಕಂತೆ. ಅಂದರೆ ಬೇಸಿಗೆಯ ಮಧ್ಯಾಹ್ನ ಅದೇ ರೇಡಿಯೇಟರು ಮುಕ್ಕಾಲು ಪಾಲಿಗಿಂತ ಕಡಮೆ ಕೆಲಸ ಮಾಡುತ್ತದೆ. ಅನುಭವಸ್ಥ ಡ್ರೈವರುಗಳು ಏರಿನಲ್ಲಿ ಬೇಗನೆ ಕೆಳಗಿನ ಗೇರಿಗೆ ಬರುವುದಕ್ಕೆ ಇದೂ ಒಂದು ಕಾರಣ. ಲಾರಿ, ಬಸ್ಸುಗಳಲ್ಲಿ ಪಂಪನ್ನೂ ಸಾಮಾನ್ಯವಾಗಿ ಫ್ಯಾನನ್ನೂ ತಿರುಗಿಸುವುದು ಎಂಜಿನ್ನೇ. ಕೆಳಗಿನ ಗೇರಿನಲ್ಲಿ ಎಂಜಿನ್ನು ಬೇಗ ತಿರುಗುವುದರಿಂದ ಅವೂ ಬೇಗ ತಿರುಗುತ್ತವೆ. ಮೇಲಿನ ಗೇರಿನಲ್ಲೇ ತಿಣುಕುತ್ತಾ ಏರಿಸುವವರು ಗಾಡಿಯನ್ನು ತಾವಾಗಿಯೇ ಕುದಿಸುತ್ತಾರೆ.

ಎಲ್ಲವೂ ಸರಿಯಿದ್ದ ಗಾಡಿ ಇಷ್ಟನ್ನು ತಡೆದುಕೊಳ್ಳುತ್ತದೆ; ಆ ಲೆಕ್ಕ ಹಾಕಿಯೇ ಅದನ್ನು ಕಟ್ಟಿರುತ್ತಾರೆ. ಕುದಿಯುವುದು ಸಾಮಾನ್ಯವಾಗಿ ಎಲ್ಲೋ ಒಂದು ಕೊಂಡಿ ಕಳಚಿದ್ದಾಗ. ಹೋಸ್ ಪೈಪು ಬಿರುಕು ಬಿಟ್ಟು ನೀರು ಸೋರಿರಬಹುದು. ಬೆಲ್ಟು ಸಡಿಲವಾಗಿ ಪಂಪು ನಿಧಾನವಾಗಿರಬಹುದು. ಕಾರಾದರೆ ವಿದ್ಯುತ್ ಫ್ಯಾನಿನ ಫ್ಯೂಸ್ ಹೋಗಿರಬಹುದು. ರೇಡಿಯೇಟರಿನ ರೆಕ್ಕೆಗಳ ನಡುವೆ ಧೂಳು, ಹುಲ್ಲಿನ ಬೀಜ, ಸತ್ತ ಹುಳುಗಳು ಅಂಟಿ ಗಾಳಿಯ ದಾರಿ ಮುಚ್ಚಿರಬಹುದು. ಥರ್ಮೋಸ್ಟ್ಯಾಟ್ ಎಂಬ ಸಣ್ಣ ಬಾಗಿಲೊಂದಿದೆ. ಅದರೊಳಗಿನ ಮೇಣ ಸುಮಾರು 80ರಿಂದ 90 ಡಿಗ್ರಿಯ ನಡುವೆ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ಅಲ್ಲಿಯವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ಎಂಜಿನ್ನು ಬೇಗ ಹದಕ್ಕೆ ಬರುವಂತೆ ಮಾಡುತ್ತದೆ. ಅದು ಮುಚ್ಚಿಕೊಂಡೇ ಕೆಟ್ಟರೆ ಹೊರೆಯಾಳಿಗೆ ದಾರಿಯೇ ಕಟ್ಟಿದಂತೆ. ಇದಕ್ಕೆ ಹೆದರಿ ಥರ್ಮೋಸ್ಟ್ಯಾಟನ್ನೇ ಕಿತ್ತೆಸೆಯುವವರಿದ್ದಾರೆ. ಅದು ತಲೆನೋವಿಗೆ ತಲೆ ತೆಗೆಯುವ ವೈದ್ಯ. ಎಂಜಿನ್ನು ಹದಕ್ಕೇ ಬಾರದೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

ಇನ್ನೊಂದು ಕಾರಣ ನಮ್ಮ ಬೋರ್‌ವೆಲ್ ನೀರು. ಬಚ್ಚಲುಮನೆಯ ಹಂಡೆಯ ಒಳಗೆ ಬೆಳ್ಳಗೆ ಗಟ್ಟಿಯಾಗಿ ಕಟ್ಟಿರುವ ಪದರವನ್ನು ಕೆರೆದು ನೋಡಿ. ಗಡಸು ನೀರು ಕಾದಾಗ ಅದರಲ್ಲಿನ ಸುಣ್ಣದ ಅಂಶ ಹೀಗೆ ಕೂರುತ್ತದೆ. ಹಂಡೆಯಲ್ಲಿ ಅದು ಕೂತರೆ ಎರಡು ಸೌದೆ ಹೆಚ್ಚು ಬೇಕಾದೀತು. ಎಂಜಿನ್ನಿನ ಟೊಳ್ಳಿನಲ್ಲಿ ಕೂತರೆ ಗೋಡೆಯ ಉಷ್ಣ ನೀರಿಗೆ ದಾಟುವುದೇ ಇಲ್ಲ, ರೇಡಿಯೇಟರಿನ ಸಣ್ಣ ಕೊಳವೆಗಳೂ ಕಟ್ಟಿಹೋಗುತ್ತವೆ. ಆದುದರಿಂದಲೇ ಭಟ್ಟಿ ಇಳಿಸಿದ ನೀರಿಗೆ ಕೂಲೆಂಟ್ ಬೆರೆಸಿ ಹಾಕಬೇಕೆನ್ನುವುದು. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ನೀರಿನ ಕುದಿಯುವ ಬಿಂದುವನ್ನು ಏರಿಸುತ್ತದೆ. ಜೊತೆಗೆ ಬೆರೆಸಿದ ಬೇರೆ ವಸ್ತುಗಳು ತುಕ್ಕನ್ನು ತಡೆಯುತ್ತವೆ.

ಕುದಿಯುವ ಬಿಂದುವಿನ ಮಾತು ಬಂದುದರಿಂದ ಮುಚ್ಚಳದ ವಿಷಯ ಹೇಳಬೇಕು. ಈ ಲೇಖನ ಬರೆಯಲು ಹೊರಟದ್ದೇ ಇದಕ್ಕಾಗಿ. ಬೆಟ್ಟ ಏರಿದಂತೆ ಗಾಳಿಯ ಒತ್ತಡ ಕಡಮೆಯಾಗಿ ನೀರು ಬೇಗ ಕುದಿಯುತ್ತದೆ. ಉದಕಮಂಡಲದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 93 ಡಿಗ್ರಿಗೇ ಕುದಿಯುವುದರಿಂದ ಅಲ್ಲಿ ಬೇಳೆ ಬೇಯುವುದು ತಡ. ಇದಕ್ಕೆ ತಾಯಂದಿರು ಕಂಡುಕೊಂಡ ಉಪಾಯ ಪ್ರೆಷರ್ ಕುಕ್ಕರ್. ಒತ್ತಡ ಹೆಚ್ಚಿದರೆ ನೀರು 120 ಡಿಗ್ರಿಯವರೆಗೂ ಕುದಿಯದೆ ಇರಬಲ್ಲದು. ರೇಡಿಯೇಟರಿನ ಮುಚ್ಚಳವೂ ಕುಕ್ಕರಿನ ಮುಚ್ಚಳದಂಥದೇ. ಅದರೊಳಗೆ ಸ್ಪ್ರಿಂಗ್ ಇದ್ದು ಒತ್ತಡವನ್ನು ಹಿಡಿದಿಡುತ್ತದೆ. ಆದುದರಿಂದ ಒಳಗೆ ನೀರು 115 ಡಿಗ್ರಿಯಲ್ಲೂ ನೀರಾಗಿಯೇ ಇರಬಹುದು. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಇಳಿಯುತ್ತದೆ, ನೀರು ಮೇಲೆ ಕೆಳಗೆ ಎನ್ನದೆ ಎಲ್ಲ ಕಡೆ ಒಮ್ಮೆಲೇ ಕುದಿಯುತ್ತದೆ. ಒಂದು ಲೀಟರ್ ನೀರು ಪೂರ್ತಿ ಆವಿಯಾದರೆ 1,600 ಲೀಟರಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಅದರಲ್ಲಿ ಅಲ್ಪ ಭಾಗ ಆವಿಯಾದರೂ ಸಾಕು, ಉಳಿದ ಕುದಿನೀರನ್ನೆಲ್ಲ ಎದುರಿಗಿದ್ದವರ ಮೈಮೇಲೆ ಎತ್ತಿ ಎರಚುತ್ತದೆ.

ನಮ್ಮ ಶಾಲೆಯಲ್ಲೇ ಓದಿದ ಹುಡುಗನೊಬ್ಬ ಕೋಸು ತುಂಬಿದ ಟೆಂಪೋದಲ್ಲಿ ಕ್ಲೀನರಾಗಿದ್ದ. ಘಾಟಿಯಲ್ಲಿ ಗಾಡಿ ಕುದಿಯಿತು. ಒದ್ದೆ ಗೋಣಿತಾಟು ಹಿಡಿದು ಮುಚ್ಚಳ ತಿರುಗಿಸಿದ. ಬಲಗೈ ಮೊಣಕೈವರೆಗೆ, ಕುತ್ತಿಗೆ, ಒಂದು ಕೆನ್ನೆ ಬೆಂದುಹೋಯಿತು. ಕಣ್ಣು ಉಳಿದದ್ದು ಅವನ ತಾಯಿಯ ಪುಣ್ಯ. ಈಗ ಅವನದೇ ಗಾಡಿ ಇದೆ. ಮೊನ್ನೆ ಮಗಳನ್ನು ಆರನೆಯ ತರಗತಿಗೆ ಸೇರಿಸಲು ಬಂದಿದ್ದಾಗ ಕೇಳಿದೆ. "ನೀರು ಹಾಕ್ಬೇಕು ಅನ್ನೋದು ಗೊತ್ತಿತ್ತು ಮೇಷ್ಟ್ರೇ, ಯಾವಾಗ ಹಾಕ್ಬೇಕು ಅನ್ನೋದು ಯಾರೂ ಹೇಳಿರ್ಲಿಲ್ಲ" ಎಂದ.

ಯಾವಾಗ ಎಂದರೆ, ಎಂಜಿನ್ನು ಆರಿದ ಮೇಲೆ. ಮುಳ್ಳು ಕೆಂಪು ಗೆರೆಯತ್ತ ಏರುತ್ತಿದ್ದರೆ ಮೊದಲು ಎಸಿ ನಿಲ್ಲಿಸಬೇಕು. ಕಾರಿನಲ್ಲಿ ಹೀಟರ್ ಇದ್ದರೆ ಅದನ್ನು ಹಾಕಬೇಕು; ಸೆಖೆಯಲ್ಲಿ ಹೀಟರೇ ಎಂದು ನಗಬೇಡಿ, ಅದೂ ಒಂದು ಪುಟ್ಟ ರೇಡಿಯೇಟರು, ಎಂಜಿನ್ನಿನ ಉಷ್ಣವನ್ನೇ ಹೊರಹಾಕುತ್ತದೆ. ಅಗಲವಾದ ಜಾಗ ಕಂಡಲ್ಲಿ ನಿಲ್ಲಿಸಿ, ಹಬೆಯೂ ಸೋರಿಕೆಯೂ ಇಲ್ಲದೆ ಮುಳ್ಳು ಇಳಿಯುತ್ತಿದ್ದರೆ ಎಂಜಿನ್ನನ್ನು ಸ್ವಲ್ಪ ಹೊತ್ತು ನಿಧಾನವಾಗಿ ಓಡಲು ಬಿಡಬಹುದು. ಪಂಪು ಒಮ್ಮೆಲೇ ನಿಂತರೆ ಲೋಹದಲ್ಲಿರುವ ಉಷ್ಣ ನಿಂತ ನೀರಿಗೆ ಇಳಿದು ಅದು ಇನ್ನೂ ಕಾಯುತ್ತದೆ. ಹಬೆ ಬರುತ್ತಿದ್ದರೆ, ನೀರು ಸೋರಿದ್ದರೆ, ಅಥವಾ ಮುಳ್ಳು ಏರುತ್ತಲೇ ಇದ್ದರೆ ಕೂಡಲೇ ನಿಲ್ಲಿಸಬೇಕು. ಆಮೇಲೆ ಅರ್ಧ ಗಂಟೆಗೆ ಕಡಮೆಯಿಲ್ಲದೆ, ಮೇಲಿನ ಹೋಸ್ ಪೈಪು ಪೂರಾ ತಣ್ಣಗಾಗುವವರೆಗೆ, ಮುಚ್ಚಳ ಮುಟ್ಟಬಾರದು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಅದರ ಹೆಡ್ಡು ಬಿರುಕು ಬಿಡಬಹುದು. ನೀರು ಪೂರ್ತಿ ಸೋರಿಹೋದಾಗ ಮುಳ್ಳು ಕೆಳಗಿಳಿದು ಮೋಸ ಮಾಡುವುದೂ ಉಂಟು, ಏಕೆಂದರೆ ಅದು ಅಳೆಯುವುದು ನೀರಿನ ಉಷ್ಣತೆಯನ್ನು, ಅಲ್ಲಿ ನೀರೇ ಇರುವುದಿಲ್ಲ.

ನಮ್ಮ ಘಾಟಿಯಲ್ಲಿ ಅರ್ಧ ಗಂಟೆ ಕಾಯುವುದು ಹೇಳಿದಷ್ಟು ಸುಲಭವಲ್ಲ. ಅದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಕಬ್ಬಿನ ಲಾರಿಗೆ ಆನೆ ಅಡ್ಡಗಟ್ಟುವ ಸುದ್ದಿ ನಮಗೆ ಹೊಸದಲ್ಲ. ಆದುದರಿಂದ ನೀರು, ಬೆಲ್ಟು, ಹೋಸ್ ಪೈಪು ನೋಡುವ ಕೆಲಸ ಬೆಳಗ್ಗೆ ಎಂಜಿನ್ನು ತಣ್ಣಗಿರುವಾಗ ಮನೆಯ ಮುಂದೆಯೇ ಆಗಬೇಕು. ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಗೆರೆಗಳಿರುತ್ತವೆ, ಕೂಲೆಂಟು ಅವೆರಡರ ನಡುವೆ ಇರಬೇಕು. ಇದನ್ನು ನೋಡಲು ಎಂಟನೆಯ ತರಗತಿಯ ಮಕ್ಕಳಿಗೂ ಬರುತ್ತದೆ.

ಪೋಷಕರಿಗೆ ಎರಡು ಮಾತು. ಕುದಿನೀರೋ ಹಬೆಯೋ ತಗುಲಿದರೆ ಆ ಜಾಗವನ್ನು ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ. ಶಾಯಿ, ಇಡ್ಲಿ ಹಿಟ್ಟು, ಟೂತ್ ಪೇಸ್ಟು ಯಾವುದನ್ನೂ ಹಚ್ಚಬೇಡಿ. ಇನ್ನೊಂದು, ಕೂಲೆಂಟು ವಿಷ. ಬಣ್ಣ ಷರಬತ್ತಿನಂತೆ, ರುಚಿ ಸಿಹಿ. ಉಳಿದ ಕೂಲೆಂಟನ್ನು ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ತುಂಬಿ ಅಡಿಗೆಮನೆಯ ಕಿಟಕಿಯ ಮೇಲೆ ಇಟ್ಟಿರುವುದನ್ನು ಎರಡು ಮನೆಗಳಲ್ಲಿ ಕಂಡಿದ್ದೇನೆ. ಅದು ಅದರದೇ ಡಬ್ಬಿಯಲ್ಲಿ, ಮಕ್ಕಳ ಕೈಗೆ ಎಟುಕದಲ್ಲಿ ಇರಲಿ. ಯಾರಾದರೂ ಕುಡಿದರೆಂದು ತಿಳಿದರೆ, ಆ ಹೊತ್ತಿಗೆ ಚೆನ್ನಾಗಿಯೇ ಕಂಡರೂ ಕಾಯದೆ, ಡಬ್ಬಿಯನ್ನೂ ಜೊತೆಗೆ ಹಿಡಿದು ವೈದ್ಯರ ಬಳಿಗೆ ಓಡಬೇಕು.