ಚುಕ್ಕಾಣಿಯ ಸಡಿಲು

ಅಂಬಾಸಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಆ ಹಳೆಯ ವಾಹನವನ್ನು ಇನ್ನೂ ಉಳಿಸಿಕೊಂಡಿರುವ ಪೋಷಕರು ಮಕ್ತಲದಿಂದ ನಾರಾಯಣಪೇಟೆಗೆ ಮಕ್ಕಳನ್ನು ಕರೆತರುವ ಮುನ್ನ ಸ್ಟೀರಿಂಗನ್ನೊಮ್ಮೆ ಪರೀಕ್ಷಿಸತಕ್ಕದ್ದು. ಚಕ್ರವು ಮೇಲಕ್ಕೂ ಕೆಳಕ್ಕೂ ಅಲ್ಲಾಡಿದರೆ ಕಂಬದೊಳಗಿನ ಬುಷ್ ಸವೆದಿರಬಹುದು. ಅದು ಅಲ್ಪ ಬೆಲೆಯ ವಸ್ತು. ಚಕ್ರ ತಿರುಗಿದರೂ ಗಾಲಿಗಳು ಕೂಡಲೇ ತಿರುಗದಿದ್ದರೆ ದೋಷವನ್ನು ಕೆಳಗಿನ ಕೀಲುಗಳಲ್ಲಿ ಹುಡುಕಬೇಕು. ಎಂಜಿನ್ ನಿಲ್ಲಿಸಿ, ಮಗನೋ ಮಗಳೋ ಚಕ್ರವನ್ನು ಅತ್ತಿತ್ತ ಆಡಿಸುತ್ತಿರಲು ತಂದೆಯು ಬಾಗಿ ನೋಡಿದರೆ ಸಡಿಲಾದ ಕೀಲು ತಾನೇ ಕಾಣುವುದು.

ಚಕ್ರವನ್ನು ಬಿಚ್ಚುವ ಮುನ್ನ ಅದಕ್ಕೂ ದಂಡಕ್ಕೂ ಸೇರಿಸಿ ಒಂದು ಗುರುತು ಮಾಡಿಕೊಳ್ಳಬೇಕು. ಇಲ್ಲವಾದರೆ ಮರಳಿ ಕೂಡಿಸುವಾಗ ಓರೆಯಾಗುವುದು. ಬಿರುಕು ಬಿಟ್ಟ ದಂಡಕ್ಕೆ ಬೆಸುಗೆ ಹಾಕಿಸುವ ಉಳಿತಾಯ ಮಾತ್ರ ಬೇಡ. ಕಾವಿನಿಂದ ಉಕ್ಕಿನ ಹದ ಕೆಟ್ಟು, ಬೆಸುಗೆಯ ಮಗ್ಗುಲಲ್ಲಿಯೇ ಅದು ಮುರಿಯಬಹುದು.